ಸದ್ದು ನಿಂತ ಎದೆ

ನನ್ನ ಎದೆ ಹುಟ್ಟಿದಾಗಿನಿಂದ ಸದ್ದು ಮಾಡ್ತಿತ್ತು. ಎಲ್ಲರ ಎದೇನೂ ಸದ್ದು ಮಾಡುತ್ತೆ, ಅದೇನು ಮಹಾ ಅನ್ನಬೇಡಿ. ನಂದು ಲಬ್ ಡಬ್ ಅಲ್ಲ, ಗುಂಯ್ ಅನ್ನೋದು. ಎಡಗಡೆ ಅಂಗೈ ಇಟ್ಟರೆ ಒಳಗೆ ಏನೋ ತಿರುಗ್ತಾ ಇದೆಯೇನೋ ಅನ್ನೋ ಹಾಗೆ ಚರ್ಮ ನಡುಗೋದು. ಮಾಗಡಿ ಹತ್ತಿರ ತಿಪ್ಪಸಂದ್ರದ ಕಡೆ ನಮ್ಮೂರಿನ ಸ್ಕೂಲಲ್ಲಿ ಆಟದ ಪೀರಿಯಡ್ಡಿನಲ್ಲಿ ಹುಡುಗೀರು ಸಾಲಾಗಿ ನಿಂತು, ಒಬ್ಬೊಬ್ಬಳೇ ಬಂದು ಕಿವಿ ಇಟ್ಟು ಕೇಳಿ ಹೋಗೋರು. ಮಿಷನ್ ಭಾಗ್ಯ ಅಂತಲೇ ನನ್ನ ಹೆಸರು. ಬೇಜಾರೇನೂ ಇರಲಿಲ್ಲ ನನಗೆ, ಜಂಬಾನೇ ಇತ್ತು.

ಹೃದಯದ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು. ಕೂಸಾಗಿದ್ದಾಗಲೇ ಡಾಕ್ಟರು ಹೇಳಿದ್ದರು, ಆಪರೇಷನ್ ಮಾಡಿಸಿಬಿಡಿ ಅಂತ. ಅಪ್ಪ ಕೇಳಲಿಲ್ಲವಂತೆ. ‘ಇಷ್ಟೇ ಇಷ್ಟು ಕೂಸಿನ ಎದೆ ಸೀಳ್ಸೋದಾ? ನಗ್ತಾ ಆಡ್ಕೊಂಡವ್ಳೆ, ಬುಡಿ’ ಅಂತ ಹೆಗಲ ಮೇಲೆ ಹಾಕಿಕೊಂಡು ಬಸ್ಸು ಹತ್ತಿಬಿಟ್ಟರಂತೆ. ನಾನೂ ಚೆನ್ನಾಗೇ ಬೆಳೆದೆ. ಓಡಿದರೆ ಬೇಗ ದಮ್ಮು ಕಟ್ಟೋದು, ಅಷ್ಟೇ. ವರ್ಷ ವರ್ಷ ಕರ್ಕೊಂಡು ಬಂದು ತೋರಿಸಿ ಅಂದಿದ್ದನ್ನ ನಾಲ್ಕೈದು ಸಲ ನಡೆಸಿ, ಆಮೇಲೆ ಮನೆಮಂದಿಯೆಲ್ಲ ಮರೆತರು.

ಇದನ್ನೆಲ್ಲ ಈಗ ಯಾಕೆ ಬರೀತೀನಿ ಅಂದರೆ, ನನ್ನ ಹಾಗೇ ಎದೆಯಲ್ಲೊಂದು ತೂತು, ಹೊಟ್ಟೆಯಲ್ಲೊಂದು ಕೂಸು ಇಟ್ಟುಕೊಂಡು, ಯಾರ ಹತ್ತಿರ ಬಾಯಿ ಬಿಡೋದು ಅಂತ ಗೊತ್ತಾಗದೆ ಕೂತಿರೋ ಹೆಣ್ಣುಮಕ್ಕಳು ಇದ್ದೇ ಇರ್ತಾರೆ. ಅವರ ಪಕ್ಕ ಒಂದು ಗಳಿಗೆ ಕೂತುಕೊಳ್ಳೋಣ ಅಂತ.

ಹೆಣ್ಣು ನೋಡೋಕೆ ಬಂದಾಗಲೇ ಅಮ್ಮ ಎಲ್ಲಾನೂ ಹೇಳಿಬಿಟ್ಟಳು. ಮುಚ್ಚಿಟ್ಟು ಮದುವೆ ಮಾಡೋ ಪೈಕಿ ಅಲ್ಲ ಅವಳು. ಗಂಡಿನ ತಾಯಿ ಕೆಂಪಮ್ಮನವರು ಸರಸರ ಒಳಕ್ಕೆ ಬಂದು, ಸೆರಗಿನ ಮೇಲಿಂದಲೇ ನನ್ನ ಎದೆಗೆ ಅಂಗೈ ಇಟ್ಟರು. ಕಣ್ಣರಳಿಸಿದರು.

‘ಅಯ್ ನಮ್ಮವ್ವಾ! ಒಳಗೆ ರಾಟೆ ತಿರುಗ್ತಾ ಐತಲ್ಲ!’ ಅಂತ ಜೋರಾಗಿ ನಕ್ಕುಬಿಟ್ಟರು. ‘ಓಡೋ ಮಿಷನ್ ತಾನೆ, ನಿಂತೋಗಿರೋದಲ್ವಲ್ಲ. ನಮ್ಗೆ ಒಪ್ಗೆ ಕಣವ್ವ.’

ನನಗೆ ಗಂಡನಿಗಿಂತ ಮೊದಲು ಅತ್ತೆ ಹಿಡಿಸಿದ್ದು. ಗಂಡ ರಾಜಣ್ಣ ಮೂಲೆಯಲ್ಲಿ ಕೂತು ಚಕ್ಕುಲಿ ಮುರೀತಾ ಇದ್ದರು.

ರಾಮನಗರದಿಂದ ಮಾಗಡಿ ಕಡೆ ಹೋಗೋ ರಸ್ತೆಯಲ್ಲಿ ಒಳಕ್ಕೆ ತಿರುಗಿದರೆ ಗಂಡನ ಮನೆ. ರೇಷ್ಮೆ ಹುಳ ಸಾಕೋ ಮನೆ. ವಾಸದ ಕೋಣೆಗೆ ಅಂಟಿಕೊಂಡೇ ಹುಳದ ಮನೆ, ನಡುವೆ ಒಂದು ಗೋಡೆ. ಹಿಪ್ಪುನೇರಳೆ ಸೊಪ್ಪು ಹಾಕಿದ ಮೇಲೆ ಹುಳ ತಿನ್ನೋ ಸದ್ದು ಗೋಡೆ ದಾಟಿ ಬರೋದು, ಹೆಂಚಿನ ಮೇಲೆ ಮಳೆ ಹನಿ ಬಿದ್ದ ಹಾಗೆ. ಮತ್ತೆ ಒಂದೊಂದು ದಿನ ಅದು ಪೂರ್ತಿ ನಿಂತುಹೋಗೋದು. ಅದಕ್ಕೆ ನಮ್ಮ ಕಡೆ ಹುಳ ಜ್ವರಕ್ಕೆ ಕೂತವೆ ಅಂತೀವಿ. ಕಾಯಿಲೆಯಲ್ಲ ಅದು. ಪೊರೆ ಬಿಡೋ ಹೊತ್ತು. ಒಂದೊಂದು ಹುಳವೂ ತಲೆ ಮೇಲಕ್ಕೆತ್ತಿ, ಕಲ್ಲಿನ ಹಾಗೆ ಕೂತಿರುತ್ತೆ. ಆಗ ಸೊಪ್ಪು ಹಾಕೋ ಹಾಗಿಲ್ಲ, ಹುಳ ಇರೋ ಬಿದಿರಿನ ತಟ್ಟೆ ಅಲ್ಲಾಡಿಸೋ ಹಾಗಿಲ್ಲ. ಪೊರೆ ಕಳಚಿ ತಾವಾಗಿಯೇ ಏಳಬೇಕು. ಅತ್ತೆಗೆ ಹುಳದ ಮನೆ ಸದ್ದು ನಿಂತರೆ ಖುಷಿ, ಬೆಳೆ ಒಂದು ಮೆಟ್ಟಿಲು ದಾಟಿತು ಅಂತ.

ನಾನು ಮದುವೆಯಾಗಿ ಬಂದ ಹೊಸದರಲ್ಲೇ ಗಂಡನ ಊರ ಪಕ್ಕಕ್ಕೆ ಕಾರ್ಖಾನೆ ಬಂತು. ನಿನ್ನೆ ತನಕ ಹುರುಳಿ ಬಿತ್ತುತ್ತಿದ್ದ ನೆಲಕ್ಕೆ ಕಾಂಪೌಂಡು ಎದ್ದು, ಒಳಗಿಂದ ಹಗಲೂ ರಾತ್ರಿ ಒಂದೇ ಸಮ ಗುಂಯ್ ಅನ್ನೋ ಸದ್ದು ಶುರುವಾಯಿತು. ಒಂದೆರಡು ವಾರ ಊರೆಲ್ಲ ಬೈದುಕೊಂಡಿತು, ಆಮೇಲೆ ಯಾರಿಗೂ ಕೇಳಿಸದೇ ಹೋಯಿತು. ನನಗಂತೂ ಬೈಯೋಕೂ ಆಗಲಿಲ್ಲ. ನನ್ನ ಎದೆಯದೂ ಅದೇ ಸ್ವರ. ಮಂಚದ ಮೇಲೆ ಮಲಗಿದರೆ ಯಾವುದು ಗೋಡೆಯಿಂದ ಬರ್ತಿದೆ, ಯಾವುದು ನನ್ನೊಳಗಿಂದ ಅಂತ ಬಿಡಿಸಿ ಹೇಳೋಕಾಗ್ತಿರಲಿಲ್ಲ. ಹೇಳಬೇಕಾದ ಅಗತ್ಯವೂ ಬಿದ್ದಿರಲಿಲ್ಲ.

ಮದುವೆಯಾಗಿ ಎರಡು ವರ್ಷವಾದರೂ ಬಸುರಾಗಲಿಲ್ಲ. ಅತ್ತೆ ಒಂದು ಮಾತು ಆಡಲಿಲ್ಲ, ಆದರೆ ಒಂದು ದಿನ ಬೆಳಿಗ್ಗೆ ತಲೆಗೆ ನೀರು ಹಾಕಿಸಿ ಚನ್ನಪಟ್ಟಣದ ಬಸ್ಸು ಹತ್ತಿಸಿದರು. ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ಮಕ್ಕಳಿಲ್ಲದವರು ಹರಕೆ ಹೊತ್ತು ಪುಟ್ಟ ತೊಟ್ಟಿಲು ಒಪ್ಪಿಸ್ತಾರೆ. ಅಲ್ಲಿ ಗೊಂಚಲು ಗೊಂಚಲಾಗಿ ಖಾಲಿ ತೊಟ್ಟಿಲು ನೋಡಿ ನನಗೆ ಕೈಮುಗಿಯೋ ಬದಲು ಮೈ ಜುಂ ಅಂದಿತು. ಇಷ್ಟು ಜನ ಕಾಯ್ತಾ ಇದ್ದಾರಾ, ಇಷ್ಟು ಕೂಸುಗಳು ಎಲ್ಲಿದ್ದಾವೆ ಅಂತ. ಅತ್ತೆ ಮಾತ್ರ ಕಣ್ಣುಮುಚ್ಚಿ ಗಟ್ಟಿಯಾಗಿ ಬೇಡಿಕೊಂಡರು. ‘ನಮ್ ಭಾಗ್ಯನ ಎದೆ ಗುಣ ಮಾಡು, ಒಂದ್ ಕೂಸು ಕೊಡು. ಎರಡೂ ಆಗ್ಬೇಕು ನೋಡಪ್ಪ, ಒಂದ್ ಕೊಟ್ಟು ಒಂದ್ ಬುಟ್ಟೀಯ!’

ಆ ವರ್ಷವೇ ಬಸಿರು ನಿಂತಿತು. ಮನೆಯಲ್ಲಿ ಹಬ್ಬ. ರಾಜಣ್ಣ ರಾಮನಗರಕ್ಕೆ ಹೋದಾಗಲೆಲ್ಲ ಏನಾದರೂ ಪೊಟ್ಟಣ ಕಟ್ಟಿಸಿಕೊಂಡು ಬರೋರು. ನನಗೆ ಹೊರೆ ಸೊಪ್ಪು ಇರಲಿ, ಬಿಂದಿಗೆ ಎತ್ತಿದರೂ ದಮ್ಮು ಬರ್ತಿತ್ತು. ಬಸುರಿಯರಿಗೆಲ್ಲ ಹಾಗೇ ಅಂದರು. ಇನ್ನೊಂದು ಆಯಿತು. ನನ್ನ ಉಗುರು, ತುಟಿ ಒಂಥರಾ ನೇರಳೆ ಬಣ್ಣಕ್ಕೆ ತಿರುಗಿದವು. ತೋಟದ ಬದುವಿನಲ್ಲಿ ಬಿಟ್ಟಿದ್ದ ಹಿಪ್ಪುನೇರಳೆ ಹಣ್ಣು ಕಿತ್ತು ತಿನ್ನೋ ಚಟ ನನಗೆ. ‘ಕದ್ದು ತಿಂದ್ಬುಟ್ಟು ಬಾಯಿನೂ ತೊಳ್ಕೊಳ್ಳಾಕಿಲ್ವಾ?’ ಅಂತ ಅತ್ತೆ ಗದರಿದರು. ಹುಣಸೆಹಣ್ಣು ಹಾಕಿ ಉಗುರು ಉಜ್ಜಿದೆ. ಹೋಗಲಿಲ್ಲ. ಆ ವಾರ ನಾನು ಹಣ್ಣು ತಿಂದೇ ಇರಲಿಲ್ಲ ಅನ್ನೋದು ಉಜ್ಜುತ್ತಾ ಉಜ್ಜುತ್ತಾ ನೆನಪಾಯಿತು. ಯಾರಿಗೂ ಹೇಳಲಿಲ್ಲ.

ಆಯುಧಪೂಜೆ ದಿನ ಮಧ್ಯಾಹ್ನ. ಕಾರ್ಖಾನೆಯಲ್ಲಿ ಮಿಷನ್ನುಗಳನ್ನೆಲ್ಲ ನಿಲ್ಲಿಸಿ, ಒರೆಸಿ, ಕುಂಬಳಕಾಯಿ ಒಡೆದಿದ್ದರು. ಗಂಡಸರು ಅಲ್ಲಿಗೆ ಹೋಗಿದ್ದರು. ನಮ್ಮ ಹುಳಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ನಾನು ತಟ್ಟೆಗಳಿಗೆ ಒಂದೊಂದು ಹೂವು ಇಡೋಣ ಅಂತ ಹುಳದ ಮನೆಗೆ ಹೋದೆ.

ಒಳಗೆ ಕಾಲಿಟ್ಟವಳಿಗೆ ಏನೋ ಸರಿಯಿಲ್ಲ ಅನಿಸಿತು. ನೆಲದಿಂದ ಸೂರಿನ ತನಕ ತಟ್ಟೆಗಳು, ತಟ್ಟೆ ತುಂಬ ಹುಳ, ಅಷ್ಟೂ ತಲೆ ಎತ್ತಿಕೊಂಡು ಕೂತಿವೆ. ಒಂದೂ ಮಿಸುಕಲ್ಲ. ಯಾವುದನ್ನೋ ಕೇಳಿಸಿಕೊಳ್ತಾ ಇದ್ದಾವೆ ಅನ್ನೋ ಹಾಗಿತ್ತು. ಅವುಗಳ ಜತೆ ನಾನೂ ಕಿವಿಗೊಟ್ಟೆ. ಕಾರ್ಖಾನೆ ಸದ್ದಿಲ್ಲ. ಹುಳದ ಸದ್ದಿಲ್ಲ. ಮತ್ತೆ ನಂದು? ನನ್ನದು ಎಲ್ಲಿ?

ಅಂಗೈ ಎದೆಗೆ ಇಟ್ಟುಕೊಂಡೆ. ಒತ್ತಿ ಹಿಡಿದೆ. ಜಾಗ ಬದಲಾಯಿಸಿದೆ. ಬಡಿತ ಇತ್ತು, ಗುಂಯ್ ಇರಲಿಲ್ಲ. ಎಂದಿನಿಂದ ಇಲ್ಲ? ನಿನ್ನೆಯಿಂದಲಾ, ಹೋದ ವರ್ಷದಿಂದಲಾ? ಇಷ್ಟು ದಿನ ನಂದು ನಂದು ಅಂತ ಕೇಳಿಸಿಕೊಂಡು ಮಲಗ್ತಿದ್ದೆನಲ್ಲ, ಅದು ಕಾಂಪೌಂಡಿನ ಆಚೆಯದಾಗಿತ್ತು. ಯಾರೋ ನನ್ನೊಳಗಿಂದ ಎದ್ದು, ಬಾಗಿಲು ಎಳೆದುಕೊಂಡು ಹೋಗಿಬಿಟ್ಟಿದ್ದಾರೆ, ನನಗೆ ಗೊತ್ತೇ ಆಗಿಲ್ಲ. ಹೆದರಿಕೆಯಿಂದ ಕೈಯಲ್ಲಿದ್ದ ಹೂವು ಅಲ್ಲೇ ಬಿಟ್ಟು ಓಡಿ ಬಂದೆ.

ಅತ್ತೆ ಒಬ್ಬಟ್ಟಿನ ಹಿಟ್ಟು ಒರೆಸಿಕೊಂಡು ಎದೆಗೆ ಕೈ ಇಟ್ಟು ನೋಡಿದರು. ಇನ್ನೊಂದು ಸಲ ನೋಡಿದರು. ಆಮೇಲೆ ಅವರ ಕಣ್ಣಲ್ಲಿ ನೀರು ತುಂಬಿಕೊಂಡಿತು.

‘ಮುಚ್ಕೊಂಡೈತೆ ಕಣೇ! ಕೃಷ್ಣಪ್ಪ ಮುಚ್ಬುಟ್ಟವ್ನೆ! ಎರಡೂ ಕೊಟ್ಟ ನೋಡು!’

‘ಅತ್ತೆ, ಒಂದ್ಸಲ ಡಾಕ್ಟ್ರಿಗೆ ತೋರಿಸೋಣ.’

‘ಬ್ಯಾಡ. ಈಗ ಅಲ್ಲಾಡಬ್ಯಾಡ ನೀನು. ಜ್ವರಕ್ಕೆ ಕೂತಿರೋ ಹುಳನ ಮುಟ್ತಾರಾ? ತೊಂದ್ರೆ ಕೊಡ್ದಂಗೆ ಬುಟ್ರೆ ಅದೇ ಪೊರೆ ಬುಟ್ಟು ಎದ್ದೇಳ್ತದೆ. ನಿನ್ ಎದೆನೂ ಅಂಗೇ ಕೂತೈತೆ.’

ಯಾರಾದರೂ ನಗಬಹುದು. ಹುಳ ಸಾಕಿ ಜೀವನ ಮಾಡಿದವರಿಗೆ ಇದರಲ್ಲಿ ನಗೋದು ಏನೂ ಇಲ್ಲ. ಸುಮ್ಮನಿರೋದೇ ಅವರ ದೊಡ್ಡ ಕೆಲಸ. ಅಂದಿನಿಂದ ನನ್ನ ಕೋಣೆ ಕಿಟಕಿಗೆ ಗೋಣಿತಾಟು ಇಳಿಬಿಟ್ಟರು. ಅಕ್ಕಪಕ್ಕದವರು ಬಂದರೆ ಹೊಸಿಲಾಚೆಯೇ. ಬಸ್ಸು ಕುಲುಕುತ್ತೆ, ಬೇಡ. ಗಟ್ಟಿಯಾಗಿ ಮಾತಾಡೋದು ಬೇಡ. ಊಟ ಒಸಿ ಒಸಿ. ಅವರ ಪ್ರೀತಿ ಅದು, ನಿಜವಾದ ಪ್ರೀತಿ. ನನಗೂ ನಂಬೋಕೆ ಆಸೆ ಇತ್ತು. ತೂತು ಮುಚ್ಚಿದೆ, ಕೂಸು ಬರ್ತದೆ ಅನ್ನೋದನ್ನ ಯಾರು ತಾನೇ ಬೇಡ ಅಂತಾರೆ ಹೇಳಿ?

ಮಾರನೇ ದಿನ ಹುಳಗಳು ಎದ್ದು ತಿನ್ನೋಕೆ ಶುರು ಮಾಡಿದವು. ಕಾರ್ಖಾನೆಯೂ ಶುರುವಾಯಿತು. ನನ್ನದು ಏಳಲಿಲ್ಲ. ‘ನಿಂದು ನಿಧಾನ ಕಣವ್ವ’ ಅಂದರು ಅತ್ತೆ. ಕತ್ತಲೆ ಕೋಣೆಯಲ್ಲಿ ಮಲಗಿ ಗೋಡೆಗೆ ಕಿವಿ ಕೊಟ್ಟು ಕಾಯ್ತಾ ಇದ್ದೆ. ಮೆಟ್ಟಿಲು ಹತ್ತದಿದ್ದರೂ ದಮ್ಮು. ಕೂತರೂ ದಮ್ಮು. ಒಂದು ಸಲ ಬಚ್ಚಲಲ್ಲಿ ಕಣ್ಣು ಕತ್ತಲೆಯಾಗಿ ಗೋಡೆ ಹಿಡಿದು ನಿಂತೆ, ಅದನ್ನೂ ಯಾರಿಗೂ ಹೇಳಲಿಲ್ಲ.

ಮುಂದಿನ ಬೆಳೆ, ಕಾರ್ತಿಕದ ಚಳಿ. ಮತ್ತೆ ಹುಳ ಜ್ವರಕ್ಕೆ ಕೂತವು, ಮತ್ತೆ ಎದ್ದವು. ಮೂಲೆಯ ತಟ್ಟೆಯಲ್ಲಿದ್ದವು ಮಾತ್ರ ಏಳಲಿಲ್ಲ. ರಾಜಣ್ಣ ನನ್ನನ್ನ ಕರೆದು ತೋರಿಸಿದರು. ನೋಡೋಕೆ ಪಕ್ಕದ ತಟ್ಟೆಯವು ಕೂತಿದ್ದ ಹಾಗೇ ಕೂತಿದ್ದವು, ಅಷ್ಟೇ ಶಾಂತವಾಗಿ. ಅವರು ಒಂದನ್ನ ಬೆರಳಲ್ಲಿ ತಟ್ಟಿದರು. ಸೀಮೆಸುಣ್ಣದ ತುಂಡಿನ ಹಾಗೆ ಬಿರುಸಾಗಿತ್ತು.

‘ಸುಣ್ಣಕಟ್ಟು ರೋಗ. ಮಲಗವೆ ಅನ್ಕೊಂಡಿದ್ವಿ, ಯಾವಾಗ್ಲೋ ಸತ್ತವೆ’ ಅಂದರು.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ‘ನನ್ನ ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಅತ್ತೆ ಏನಾದ್ರೂ ಅನ್ಲಿ’ ಅಂದೆ. ರಾಜಣ್ಣ ನನ್ನ ಕೈ ಹಿಡಿದು ಎಬ್ಬಿಸಿದರು. ಕಿಟಕಿ ಬೆಳಕಿನಲ್ಲಿ ನನ್ನ ಉಗುರಿನ ಮೇಲೆ ಅವರ ಕಣ್ಣು ಬಿತ್ತು. ಹಿಪ್ಪುನೇರಳೆ ಹಣ್ಣಿನ ಕಾಲ ಅಲ್ಲ ಅದು. ಅವರು ಚಪ್ಪಲಿ ಮೆಟ್ಟಿಕೊಂಡರು.

ರಾಮನಗರದ ಲೇಡಿ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ‘ಮೊದಲು ಜೋರಾಗಿ ಸದ್ದು ಬರ್ತಿತ್ತಾ?’ ಅಂತ ಕೇಳಿದರು. ‘ಈಗ ನಿಂತೋಗಿದೆ ಮೇಡಂ, ಗುಣ ಆಗಿದೆ ಅಂತಾರೆ ಅತ್ತೆ’ ಅಂದೆ. ಅವರ ಮುಖ ಬಿಳಿಚಿಕೊಂಡಿದ್ದನ್ನ ನಾನು ಇವತ್ತಿಗೂ ಮರೆತಿಲ್ಲ. ಅವತ್ತೇ ಬೆಂಗಳೂರಿನ ದೊಡ್ಡ ಹೃದಯದ ಆಸ್ಪತ್ರೆಗೆ ಕಳಿಸಿದರು.

ಆ ಆಸ್ಪತ್ರೆಯ ಕಾಯೋ ಹಾಲ್‌ನಲ್ಲಿ ಮೊಟ್ಟಮೊದಲ ಸಲ ನನ್ನ ಉಗುರಿನ ಬಣ್ಣದವರನ್ನ ನೋಡಿದೆ. ಮಡಿಲಲ್ಲಿ ಕೂತ ಕೂಸುಗಳು, ಕಾಲೇಜು ಹುಡುಗ, ನನ್ನ ವಯಸ್ಸಿನ ಒಬ್ಬಳು. ಎಲ್ಲರ ತುಟಿಯೂ ನೇರಳೆ. ಒಂದೇ ಮರದ ಹಣ್ಣು ತಿಂದು ಬಂದವರ ಹಾಗೆ ಕೂತಿದ್ದೆವು. ಕನಕಪುರದ ಕಡೆಯ ಒಬ್ಬ ಅಜ್ಜಿ, ಮೊಮ್ಮಗಳನ್ನ ತೋರಿಸೋಕೆ ಬಂದಿದ್ದವರು, ಏನೂ ಕೇಳದೆ ತಮ್ಮ ಡಬ್ಬಿ ಮುಚ್ಚಳದಲ್ಲಿ ಚಿತ್ರಾನ್ನ ಹಾಕಿ ನನ್ನ ಕೈಗಿಟ್ಟರು. ‘ತಿನ್ನವ್ವ, ಇಲ್ಲಿ ಹೆಸ್ರು ಕೂಗೋದು ತಡ’ ಅಂದರು. ಆ ಒಂದು ತುತ್ತು ಗಂಟಲಲ್ಲಿ ಇಳಿದಾಗ ನನಗೆ ಅಳು ಬಂತು.

ಕತ್ತಲೆ ರೂಮಿನಲ್ಲಿ ಎದೆಗೆ ತಣ್ಣನೆ ಜೆಲ್ ಬಳಿದು ನೋಡಿದ ಡಾಕ್ಟರು ಚಿಕ್ಕ ವಯಸ್ಸಿನವರು. ನಿಧಾನವಾಗಿ ಹೇಳಿದರು. ‘ತೂತು ಮುಚ್ಚಿಲ್ಲಮ್ಮ. ಹಾಗೇ ಇದೆ. ಮೊದಲು ರಕ್ತ ಈ ಕಡೆಯಿಂದ ಆ ಕಡೆಗೆ ರಭಸವಾಗಿ ನುಗ್ಗುತ್ತಿತ್ತು, ಅದಕ್ಕೇ ಸದ್ದು. ಈಗ ಶ್ವಾಸಕೋಶದ ಒತ್ತಡ ಏರಿ ಏರಿ ಎರಡೂ ಕಡೆ ಸಮ ಆಗಿಬಿಟ್ಟಿದೆ. ನುಗ್ಗೋಕೆ ಏನೂ ಇಲ್ಲ, ಅದಕ್ಕೇ ನಿಂತಿದೆ. ಕೆಟ್ಟ ರಕ್ತ ಒಳ್ಳೇ ರಕ್ತಕ್ಕೆ ಬೆರೀತಿದೆ, ಉಗುರು ನೇರಳೆ ಆಗಿರೋದು ಅದಕ್ಕೇ.’

‘ಈಗ ಮುಚ್ಚೋಕಾಗಲ್ವಾ?’

‘ಆ ಕಾಲ ದಾಟಿದೆ. ಈ ಸ್ಥಿತಿಯಲ್ಲಿ ಬಸಿರು ಮುಂದುವರಿದರೆ...’ ಅವರು ರಾಜಣ್ಣನ ಕಡೆ ತಿರುಗಲಿಲ್ಲ, ನನ್ನನ್ನೇ ನೋಡಿ ಹೇಳಿದರು. ಅದಕ್ಕೆ ಅವರಿಗೆ ನಾನು ಋಣಿ. ‘ನಿಮ್ಮ ಜೀವ ಹೋಗೋ ಸಾಧ್ಯತೆ ತುಂಬಾ ಜಾಸ್ತಿ. ನೀವು ಹೋದರೆ ಮಗೂನೂ ಉಳಿಯಲ್ಲ. ಈಗಲೇ ತೆಗೆಸಿಬಿಡೋದು ಒಳ್ಳೇದು. ತಡ ಆದಷ್ಟೂ ಅದೂ ಕಷ್ಟ.’

ಆಮೇಲೆ ಹೊಟ್ಟೆ ಸ್ಕ್ಯಾನಿಂಗು. ಅಲ್ಲಿನ ಹುಡುಗಿಗೆ ಏನೂ ಗೊತ್ತಿರಲಿಲ್ಲ ಪಾಪ, ಅಭ್ಯಾಸಬಲದಿಂದ ಮಿಷನ್ನಿನ ಸದ್ದು ಜೋರು ಮಾಡಿಬಿಟ್ಟಳು. ಟಪಟಪಟಪ ಅಂತ ರೂಮು ತುಂಬಿಕೊಂಡಿತು. ಎಷ್ಟು ಅವಸರ ಅದಕ್ಕೆ! ನನ್ನ ಮೈಯಿಂದ ಮತ್ತೆ ಒಂದು ಸದ್ದು ಹೊರಗೆ ಕೇಳಿಸ್ತಾ ಇತ್ತು, ಅದು ನನ್ನದಾಗಿರಲಿಲ್ಲ. ಅದನ್ನ ನಿಲ್ಲಿಸಿ ಬಾ ಅಂತ ನನ್ನನ್ನ ಕಳಿಸಿದ್ದರು. ಕಿವಿ ಮುಚ್ಚಿಕೊಳ್ಳೋಣ ಅಂತ ಕೈ ಎತ್ತಿದೆ, ಮುಚ್ಚಿಕೊಳ್ಳಲಿಲ್ಲ. ಪೂರ್ತಿ ಕೇಳಿದೆ. ನಾನಲ್ಲದೆ ಅದನ್ನ ಕೇಳೋರು ಯಾರಿದ್ದರು?

ಹೊರಗೆ ಕಾರಿಡಾರಿನಲ್ಲಿ ಅತ್ತೆಯೂ ಅಮ್ಮನೂ ಸುದ್ದಿ ತಿಳಿದು ಬಂದು ಕೂತಿದ್ದರು. ಅಮ್ಮ ಎದೆ ಬಡಿದುಕೊಂಡು, ‘ನಂಗೆ ನನ್ ಮಗ್ಳು ಬೇಕು, ಅಷ್ಟೇ’ ಅಂದಳು. ಅತ್ತೆ ನೆಲ ನೋಡ್ತಾ, ‘ಹರಕೆ ಕೂಸು. ಡಾಕ್ಟ್ರುಗಳು ಹೆದ್ರಿಸ್ತಾರೆ. ಒಸಿ ದಿನ ಕಾದು ನೋಡಾನ’ ಅಂದರು. ರಾಜಣ್ಣ ಅವರ ಮುಖ ಇವರ ಮುಖ ನೋಡ್ತಾ ಗೋಡೆಗೆ ಒರಗಿದ್ದರು. ಅವರಿಗೆ ಆ ಕೂಸು ಎಷ್ಟು ಬೇಕಿತ್ತು ಅಂತ ನನಗೆ ಗೊತ್ತು. ನನಗೂ ಬೇಕಿತ್ತು. ಹೆತ್ತು ಸತ್ತರೂ ಪರವಾಗಿಲ್ಲ ಅಂತ ಒಂದು ಗಳಿಗೆ ಅನ್ನಿಸಿಯೂ ಇತ್ತು. ಆದರೆ ಸಾಯೋಕೆ ನನಗೆ ಇಷ್ಟ ಇರಲಿಲ್ಲ. ಇದನ್ನ ಹೆಂಗಸು ಬಾಯಿಬಿಟ್ಟು ಹೇಳಬಾರದು ಅಂತಾರೆ. ನಾನು ಹೇಳ್ತೀನಿ. ನನಗೆ ಬದುಕಬೇಕಿತ್ತು.

‘ಅತ್ತೆ, ಆ ಮೂಲೆ ತಟ್ಟೆ ಇತ್ತಲ್ಲ. ಅದನ್ನೂ ಕಾದು ನೋಡಿದ್ವಿ’ ಅಂದೆ.

ಅವರು ತಲೆ ಎತ್ತಿದರು. ನನ್ನ ಕೈ ಎಳೆದುಕೊಂಡು ಒಂದೊಂದೇ ಉಗುರನ್ನ ಸೆರಗಿನ ತುದಿಯಿಂದ ಉಜ್ಜಿ ನೋಡಿದರು. ಹತ್ತೂ ಬೆರಳು ಉಜ್ಜಿದರು. ಬಣ್ಣ ಹೋಗಲಿಲ್ಲ. ಆಮೇಲೆ ಸೆರಗಲ್ಲಿ ಮುಖ ಮುಚ್ಚಿಕೊಂಡು, ‘ಮಾಡ್ಸು. ಮಾಡ್ಸವ್ವ, ನಮ್ ಪಾಡು ನಾವು ನೋಡ್ಕೋತೀವಿ’ ಅಂದರು.

ಅದು ಹೇಗೆ ನಡೀತು ಅಂತ ಬರೆಯಲ್ಲ. ಅದಕ್ಕೂ ಅಪಾಯ ಇತ್ತು, ನಾಲ್ಕಾರು ಡಾಕ್ಟರು ನನ್ನ ಸುತ್ತ ನಿಂತಿದ್ದರು. ಎಚ್ಚರ ಆದಾಗ ಯಾರೋ ಒಬ್ಬಳು ಆಯಾ ನನ್ನ ಎರಡೂ ಪಾದ ಅಂಗೈಯಲ್ಲಿ ಇಟ್ಟುಕೊಂಡು ಉಜ್ಜಿ ಬಿಸಿ ಮಾಡ್ತಾ ಇದ್ದಳು. ‘ಎದ್ಯಾ ತಾಯಿ?’ ಅಂದಳು. ಅವಳ ಹೆಸರು ಕೇಳೋಕೆ ಆಗಲಿಲ್ಲ.

ಮನೆಗೆ ಬಂದಾಗ ಅತ್ತೆ ನೀರೊಲೆ ಉರಿ ಹಾಕಿ ಕಾಯ್ತಿದ್ದರು. ಕೂಸಿಲ್ಲದವಳಿಗೆ ಬಾಣಂತನ ಎಂಥದು ಅಂತ ಪಕ್ಕದ ಮನೆಯವಳು ಮೂತಿ ತಿರುಗಿಸಿದಳು. ‘ಹೊಟ್ಟೆ ಖಾಲಿ ಮಾಡ್ಕೊಂಡು ಬಂದವ್ಳೆ. ಬಾಣಂತಿ ಅಲ್ದೆ ಇನ್ನೇನು? ಹೋಗೇ ಅತ್ಲಾಗೆ’ ಅಂತ ಅತ್ತೆ ಅವಳನ್ನ ಗದರಿಸಿ ಕಳಿಸಿದರು. ಬಿಸಿನೀರು ಹೊಯ್ದರು, ತಲೆಗೆ ಬಟ್ಟೆ ಕಟ್ಟಿದರು, ಮೆಣಸಿನ ಸಾರು ಉಣ್ಣಿಸಿದರು. ಹುಳದ ಮನೆಗೆ ನಾನು ಕಾಲಿಡದ ಹಾಗೆ ಸೂತಕ ಕೂಡ ಹಿಡಿದರು. ಆ ಕೂಸು ಇತ್ತು, ಹುಟ್ಟಿತ್ತು, ಹೋಯಿತು ಅಂತ ಒಪ್ಪಿಕೊಂಡವರು ಆ ಮನೆಯಲ್ಲಿ ಅವರೊಬ್ಬರೇ. ನೀರು ಹೊಯ್ಯುವಾಗ ಅತ್ತೆಯೂ ಅಳ್ತಿದ್ದರು, ನಾನೂ ಅಳ್ತಿದ್ದೆ. ಆವಿಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣ್ತಿರಲಿಲ್ಲ.

ಮತ್ತೆ ಬಸುರಾಗದ ಹಾಗೆ ರಾಜಣ್ಣ ತಾವೇ ಆಪರೇಷನ್ ಮಾಡಿಸಿಕೊಂಡರು, ಊರಿಗೆ ಹೇಳಲಿಲ್ಲ. ನನಗೆ ಬರೆದುಕೊಟ್ಟ ಮಾತ್ರೆಯ ಕತೆ ಕೇಳಿ. ಶ್ವಾಸಕೋಶದ ಒತ್ತಡಕ್ಕೆ ಕೊಡೋ ಆ ಮಾತ್ರೆ ಗಂಡಸರು ಇನ್ಯಾವುದಕ್ಕೋ ನುಂಗೋ ಮಾತ್ರೆಯಂತೆ. ನಮ್ಮವರು ಪಾಪ, ಚೀಟಿ ಹಿಡಿದು ಮೆಡಿಕಲ್ ಸ್ಟೋರಿಗೆ ಹೋದರೆ ಅಂಗಡಿಯವನು ‘ಏನಣ್ಣ, ಇಷ್ಟು ಬೇಗನಾ?’ ಅಂತ ಕಣ್ಣು ಹೊಡೆದನಂತೆ. ಕಿವಿ ಕೆಂಪಗೆ ಮಾಡಿಕೊಂಡು ಬರಿಗೈಯಲ್ಲಿ ವಾಪಸ್ಸು. ಮಾರನೇ ದಿನ ನಾನೇ ಹೋದೆ. ‘ನನ್ ಎದೆಗೆ ಕಣಪ್ಪ ಅದು, ದಿನಕ್ಕೆ ಮೂರು. ಕೊಡು’ ಅಂದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ!

ಹೀಗೇ ನಡೀತಿದೆ. ಗುಣವಾಗೋ ಕಾಯಿಲೆ ಅಲ್ಲ. ನಿಧಾನಕ್ಕೆ ನಡೀತೀನಿ, ಬಿಸಿಲಲ್ಲಿ ನಿಲ್ಲಲ್ಲ, ನೀರು ಸೇದಲ್ಲ, ಆರು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ತೋರಿಸ್ತೀನಿ. ಕೆಲವು ಮಧ್ಯಾಹ್ನ ಏನೂ ಇಲ್ಲದೆ ಆ ಟಪಟಪ ಕೇಳುತ್ತೆ. ಸುತ್ತ ಹುಡುಕ್ತೀನಿ, ಎಲ್ಲಿಂದ ಅಂತ ಗೊತ್ತಾಗಲ್ಲ. ಮೊದಮೊದಲು ಹೆದರಿಕೊಳ್ತಿದ್ದೆ. ಈಗ ಕೈಯಲ್ಲಿರೋ ಕೆಲಸ ಬಿಟ್ಟು, ಅದು ಹೋಗೋ ತನಕ ಕೂತು ಕೇಳ್ತೀನಿ.

ಹೋದ ಸಲ ತೋರಿಸೋಕೆ ಹೋದಾಗ ನನ್ನ ಪಕ್ಕ ಒಬ್ಬಳು ಹುಡುಗಿ ಕೂತಿದ್ದಳು. ಮಾಗಡಿ ಹತ್ತಿರ ಕಲ್ಯದ ಕಡೆಯವಳಂತೆ. ಹೊಸ ತಾಳಿ, ನೇರಳೆ ಉಗುರು, ಒಂದು ಕೈ ಹೊಟ್ಟೆಯ ಮೇಲೆ. ಡಾಕ್ಟರ ರೂಮಿಂದ ಆಗಷ್ಟೇ ಹೊರಗೆ ಬಂದಿದ್ದಳು. ಅವರು ಏನು ಹೇಳಿರ್ತಾರೆ ಅಂತ ಅವಳ ಮುಖದಲ್ಲೇ ಇತ್ತು. ಬಹಳ ಹೊತ್ತು ನನ್ನ ಕೈಗಳನ್ನ, ತುಟಿಯನ್ನ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು.

‘ಅಕ್ಕ, ನಿಮ್ಗೆ ಎಷ್ಟ್ ಜನ ಮಕ್ಳು?’

ಈ ಪ್ರಶ್ನೆಗೆ ನಾನು ಎಷ್ಟೋ ಉತ್ತರ ಕೊಟ್ಟಿದ್ದೀನಿ. ಮದುವೆ ಮನೆಯಲ್ಲಿ ಒಂದು, ಬಸ್ಸಿನಲ್ಲಿ ಒಂದು. ಇವಳು ಕೇಳ್ತಿರೋದು ಮಕ್ಕಳ ಲೆಕ್ಕ ಅಲ್ಲ, ಬದುಕಿ ಉಳಿಯೋಕಾಗುತ್ತಾ ಅಂತ, ನನಗೆ ಗೊತ್ತಾಯಿತು.

‘ನಾನಿದೀನಿ ಕಣಮ್ಮ’ ಅಂದೆ.

ಅವಳು ಹೊಟ್ಟೆಯ ಮೇಲಿದ್ದ ಕೈ ತೆಗೆಯದೆ, ಇನ್ನೊಂದು ಕೈಯಿಂದ ನನ್ನ ಕೈ ಹಿಡಿದುಕೊಂಡಳು. ಅವಳ ಹೆಸರು ಕೂಗೋ ತನಕ ಇಬ್ಬರೂ ಹಾಗೇ ಕೂತಿದ್ದೆವು.